ಪಕ್ಕದ ಗೇಟಿನ ಕತ್ತೆ

ನಮ್ಮೂರಿನಲ್ಲಿ ಯಾರಿಗಾದರೂ ಕೆಲಸ ಹೋದರೆ ಮರುದಿನ ಬೆಳಗಾಗುವಷ್ಟರಲ್ಲಿ ಅವರ ಮನೆಯ ಗೇಟಿನ ಮುಂದೆ ಒಂದು ಕತ್ತೆ ಬಂದು ನಿಂತಿರುತ್ತದೆ. ಮತ್ತೆ ಕೆಲಸ ಸಿಕ್ಕಿದ ಮಾರನೆಯ ದಿನ ಅದು ಇರುವುದಿಲ್ಲ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ. ಬೇರೆ ಊರುಗಳಲ್ಲಿ ಅದೃಷ್ಟ ಬರಲಿ ಎಂದು ಅಂಗಡಿಯಲ್ಲಿ ಕತ್ತೆಯ ಚಿತ್ರ ತೂಗುಹಾಕುತ್ತಾರಂತೆ. ನಮ್ಮೂರಿನವರು ಅದನ್ನು ಕೇಳಿದರೆ ನಗುತ್ತಾರೆ. ಪೆನ್ಷನ್ ಆದವರ ಮನೆಗೆ ಕತ್ತೆ ಬರುವುದಿಲ್ಲ, ಮಕ್ಕಳ ಹೆಸರಿನಲ್ಲಿ ಬರುವುದಿಲ್ಲ. ಮನೆಯಲ್ಲೇ ದುಡಿಯುವ ಹೆಂಗಸರ ಪಾಲಿಗಂತೂ ಇದುವರೆಗೆ ಬಂದೇ ಇಲ್ಲ. ‘ನಮ್ಮ ಕೆಲಸ ಒಂದು ದಿನಕ್ಕಾದರೂ ಹೋದರೆ ತಾನೇ ಅದು ಬರೋದು’ ಎಂದು ನನ್ನ ಹೆಂಡತಿ ಜಲಜಾಕ್ಷಿ ಪಾತ್ರೆ ಉಜ್ಜುತ್ತಾ ಹೇಳುವುದುಂಟು.

ಕತ್ತೆ ಬಂದ ಮನೆಯನ್ನು ಊರು ಕೈಬಿಡುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅಂಗಡಿಯವನು ಆ ಮನೆಗೆ ಅಸಲು ಬೆಲೆಗೆ ಬೇಳೆ ಅಳೆಯುತ್ತಾನೆ. ಅಕ್ಕಪಕ್ಕದವರು ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ತಂದು ಕತ್ತೆಯ ಮುಂದೆ ಇಡುವ ನೆಪದಲ್ಲಿ ಒಂದು ಡಬ್ಬಿ ಸಾರು ಒಳಗೆ ಕೊಟ್ಟು ಹೋಗುತ್ತಾರೆ. ಆಳು ಬೇಕಾದವರು ಪೇಪರಿನಲ್ಲಿ ಹಾಕಿಸುವುದಿಲ್ಲ, ಬೆಳಿಗ್ಗೆ ಎಂಟರ ಹೊತ್ತಿಗೆ ಸೈಕಲ್ ತಳ್ಳಿಕೊಂಡು ಬೀದಿ ಬೀದಿ ಬರುತ್ತಾರೆ. ಎಲ್ಲಿ ಕತ್ತೆ ಕಂಡರೆ ಅಲ್ಲಿ ನಿಂತು ‘ಯಾರಿದ್ದೀರಿ ಮನೇಲಿ? ಏನು ಕೆಲಸ ಬರುತ್ತೆ?’ ಎಂದು ಕೇಳುತ್ತಾರೆ. ಇಷ್ಟೆಲ್ಲ ಅನುಕೂಲ ಇರುವ ಕತ್ತೆಗೆ ನಾಚುವುದೇಕೆ ಎಂದು ನೀವು ಕೇಳಬಹುದು. ನಾನು ನಾಚಿದ್ದು ನನ್ನ ನಾಲಿಗೆಯ ದೆಸೆಯಿಂದ.

ಎರಡು ವರ್ಷದ ಹಿಂದೆ ಜಲಜಾಕ್ಷಿಯ ತಮ್ಮ ತಿಪ್ಪೇಶನ ಮನೆ ಮುಂದೆ ಐದು ತಿಂಗಳು ಕತ್ತೆ ನಿಂತಿತ್ತು. ಅವನು ಕೆಲಸಕ್ಕಿದ್ದ ಎಣ್ಣೆ ಗಾಣ ಮುಚ್ಚಿತ್ತು. ಆಗ ನಮ್ಮ ಸಂಬಂಧಿಕರಲ್ಲಿ ಒಂದು ನಾಮಕರಣ ಆಯಿತು. ಪಂಕ್ತಿಯಲ್ಲಿ ಕೂತಿದ್ದ ತಿಪ್ಪೇಶನನ್ನು ನೋಡಿ, ಬಡಿಸುವವರಿಗೆ ಕೇಳುವ ಹಾಗೆ, ‘ಏನ್ ಭಾವಮೈದಾ, ಎಲೆ ಒಂದು ಹಾಕ್ಸೋದೋ ಎರಡು ಹಾಕ್ಸೋದೋ? ಮನೆ ಗೇಟಿನಾಗೆ ಇನ್ನೊಬ್ರು ಅವ್ರಲ್ಲ!’ ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಇಂಥ ಮಾತಿಗೆ ಹೆಸರಾದವನು. ತಿಪ್ಪೇಶ ಎಲೆ ಮಡಿಸಿ, ಕೈತೊಳೆದು ಹೊರಟುಹೋದ. ಆವತ್ತಿನಿಂದ ನಮ್ಮ ಮನೆಯ ಹೊಸಿಲು ತುಳಿದಿಲ್ಲ. ಜಲಜಾಕ್ಷಿ ಆ ಬಗ್ಗೆ ಜಗಳ ಆಡಲಿಲ್ಲ. ಹಬ್ಬದ ದಿನ ಹೋಳಿಗೆ ಮಾಡಿದಾಗ ನಾಲ್ಕನ್ನು ಬೇರೆ ಎತ್ತಿಟ್ಟು, ಸಂಜೆಯ ತನಕ ನೋಡಿ, ಆಮೇಲೆ ನಮಗೇ ಬಡಿಸುತ್ತಿದ್ದಳು.

ನಾನು ಇಪ್ಪತ್ತೆರಡು ವರ್ಷ ಕೊಡೆ ಕಾರ್ಖಾನೆಯಲ್ಲಿ ತಪಾಸಣೆಗಿದ್ದೆ. ಹೊಲಿದು ಬಂದ ಕೊಡೆಯನ್ನು ಬಿಚ್ಚಿ, ಬೆಳಕಿಗೆ ಹಿಡಿದು ತೂತು ನೋಡಿ, ಕಡ್ಡಿ ಎಣಿಸಿ, ಮುಚ್ಚಿ ಪಕ್ಕಕ್ಕಿಡುವುದು. ದಿನಕ್ಕೆ ಆರುನೂರು ಕೊಡೆ. ನನ್ನ ಬಲಗೈ ಹೆಬ್ಬೆರಳಿನ ಚರ್ಮ ಚಪ್ಪಲಿಯ ಹಾಗೆ ಆಗಿಹೋಗಿದೆ. ಒಂದು ಸೋಮವಾರ ಸಂಜೆ ಯಜಮಾನರು ನನ್ನನ್ನೂ ಹೊರಹಳ್ಳಿಗಳಿಂದ ಬಂದುಹೋಗುವ ಹತ್ತು ಜನರನ್ನೂ ಕರೆದು, ಕೊಡೆ ಈಗ ಹೊರಗಿನಿಂದಲೇ ಅಗ್ಗಕ್ಕೆ ಬರುತ್ತಿದೆ, ಇಲ್ಲಿ ಮಾಡಿ ಪೂರೈಸುವುದಿಲ್ಲ ಎಂದರು. ಒಬ್ಬೊಬ್ಬರಿಗೂ ಒಂದು ಕವರು, ಒಂದು ಕೊಡೆ ಕೊಟ್ಟರು. ‘ಮಳೆಗಾಲಕ್ಕಾಯ್ತು, ಇಟ್ಕಳ್ರಿ’ ಎಂದರು. ಅಂಥ ಹೊತ್ತಿನಲ್ಲೂ ನಾನು ಅಭ್ಯಾಸಬಲದಿಂದ ಆ ಕೊಡೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಒಂದು ತೂತಿತ್ತು. ಹೇಳಲಿಲ್ಲ.

ಮನೆಯಲ್ಲೂ ಹೇಳಲಿಲ್ಲ. ನಾಳೆ ಬೆಳಿಗ್ಗೆ ಕತ್ತೆಯೇ ಹೇಳುತ್ತದೆಯಲ್ಲ ಎಂದು ಗೊತ್ತಿದ್ದರೂ ಬಾಯಿ ಬರಲಿಲ್ಲ. ಒಂದು ವೇಳೆ ಬಾರದಿದ್ದರೆ ಎಂಬ ಹುಚ್ಚು ಆಸೆಯೂ ಇತ್ತು. ಬೆಳಿಗ್ಗೆ ಆರಕ್ಕೆ ಹಾಲಿಗೆ ಹೋಗುವವನ ಹಾಗೆ ಚೆಂಬು ಹಿಡಿದು ಹೊರಗೆ ಬಂದರೆ, ಗೇಟಿಗೆ ಮೂತಿ ತಾಗಿಸಿಕೊಂಡು ನಿಂತಿತ್ತು. ಬೂದಿ ಬಣ್ಣ, ಒಂದು ಕಿವಿಯ ತುದಿ ಸ್ವಲ್ಪ ಹರಿದಿತ್ತು. ಬಹಳ ದಿನದಿಂದ ನನ್ನ ವಿಳಾಸ ಗೊತ್ತಿದ್ದ ಹಾಗೆ ನನ್ನನ್ನು ನೋಡಿತು.

ಒಳಗೆ ಜಲಜಾಕ್ಷಿ ಒಲೆ ಹಚ್ಚುತ್ತಿದ್ದಳು. ಬೀದಿಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಎಡಗಡೆ ಮನೆಯ ಓಬಳಮ್ಮ ಮಾತ್ರ ಎದ್ದು ಹೋಗಿಯೂ ಆಗಿತ್ತು. ಅವಳು ಗಂಡ ಸತ್ತ ಮೇಲೆ ವಿದ್ಯಾರ್ಥಿಗಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದಳು, ಐದಕ್ಕೆಲ್ಲ ಮನೆ ಬಿಡುತ್ತಿದ್ದಳು. ಒಂಟಿ ಹೆಂಗಸು. ನಮ್ಮ ಬಸಳೆ ಚಪ್ಪರಕ್ಕೆ ಕಾರ್ಖಾನೆಯ ಕೊಡೆ ಬಟ್ಟೆಯ ಪಟ್ಟಿಗಳನ್ನು ಕಟ್ಟಿದ್ದೆ. ಅದರಲ್ಲಿ ಒಂದನ್ನು ಬಿಚ್ಚಿ ಕತ್ತೆಯ ಕೊರಳಿಗೆ ಹಾಕಿ, ಹನ್ನೆರಡು ಹೆಜ್ಜೆ ನಡೆಸಿ, ಓಬಳಮ್ಮನ ಗೇಟಿಗೆ ಕಟ್ಟಿದೆ. ಅವಳೇ ಏಕೆ ಎಂದರೆ, ಅವಳ ಪರವಾಗಿ ಕೇಳುವವರು ಯಾರೂ ಇರಲಿಲ್ಲ. ಆ ಹೊತ್ತಿಗೆ ನಾನು ಇದನ್ನು ಇಷ್ಟು ಸ್ಪಷ್ಟವಾಗಿ ಯೋಚಿಸಲಿಲ್ಲ, ಆದರೆ ಕೈಗೆ ಗೊತ್ತಿತ್ತು.

ನಮ್ಮೂರಿನಲ್ಲಿ ಕತ್ತೆಯನ್ನು ಯಾರೂ ಕಟ್ಟುವುದಿಲ್ಲ, ಕಟ್ಟುವ ಪ್ರಮೇಯವೇ ಬರುವುದಿಲ್ಲ. ಹಾಗಾಗಿ ಏಳಕ್ಕೆ ಜನ ಕೇಳಿದರು. ‘ನಾನೇ ಕಟ್ಟಿದ್ದು ಕಣ್ರಿ, ನಮ್ಮ ಬಸಳೆಗೆ ಬಾಯಿ ಹಾಕ್ತಿತ್ತು’ ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಕೊಡೆ ಬಟ್ಟೆ ಯಾಕೆ ಎಂಬುದಕ್ಕೂ ಅದರಲ್ಲೇ ಉತ್ತರ ಇತ್ತು. ‘ಪಾಪ, ಓಬಳಮ್ಮಂಗೂ ಹೋಯ್ತಾ ಕೆಲಸ’ ಎಂದು ಲೊಚಗುಟ್ಟಿ ಜನ ಚದುರಿದರು. ನಾನು ಇಸ್ತ್ರಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು, ಕಾರ್ಖಾನೆಯ ದಾರಿ ಹಿಡಿದೆ. ಮೂಲೆ ತಿರುಗಿದ ಮೇಲೆ ಹೋಗುವುದಕ್ಕೆ ದಾರಿ ಇರಲಿಲ್ಲ.

ಸಂಜೆ ಬಂದಾಗ ಓಬಳಮ್ಮ ಗೇಟಿನ ಹತ್ತಿರ ನಿಂತಿದ್ದಳು. ಕತ್ತೆಗೆ ಹಾಸ್ಟೆಲ್ಲಿನಿಂದ ತಂದ ಎಲೆಕೋಸಿನ ಸಿಪ್ಪೆ ಹಾಕಿದ್ದಳು.

‘ಬಸಳೆ ತಿಂತಂತಾ ವರದಣ್ಣ?’ ಎಂದಳು.

‘ಹೂಂ ಕಣಮ್ಮ. ಅದಕ್ಕೇ ಕಟ್ಟಿದ್ದು.’

ಅವಳು ನಮ್ಮ ಚಪ್ಪರದ ಕಡೆ ನೋಡಿದಳು. ಒಂದು ಎಲೆಯೂ ಹರಿದಿರಲಿಲ್ಲ. ‘ನನಗಂತೂ ಕೆಲಸ ಐತೆ. ಬಂದಾಗಿನಿಂದ ಸಾರಿ ಸಾರಿ ಹೇಳ್ತಿದೀನಿ, ಯಾರೂ ನಂಬವಲ್ರು’ ಎಂದಳು. ಆಮೇಲೆ, ‘ಇರ್ಲಿ ಬಿಡಿ, ಪಾಪ, ಹಸಿದಿತ್ತು’ ಎಂದು ಕತ್ತೆಯ ಬೆನ್ನು ತಟ್ಟಿ ಒಳಗೆ ಹೋದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅವಳಿಗೆ ಗೊತ್ತಾಗಿಲ್ಲ ಎಂದುಕೊಂಡೆ. ಎಷ್ಟು ದಡ್ಡ ನಾನು ಎಂದು ಈಗ ಅನ್ನಿಸುತ್ತದೆ, ದಡ್ಡತನಕ್ಕಿಂತಲೂ ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಹಗಲೆಲ್ಲ ಕೆಲಸ ಹುಡುಕಿದೆ. ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಪ್ರೆಸ್ಸು, ಸೋಡಾ ಕಾರ್ಖಾನೆ, ಒಂದನ್ನೂ ಬಿಡಲಿಲ್ಲ. ಹೋದಲ್ಲೆಲ್ಲ ಕೇಳುವುದು ಒಂದೇ: ‘ಕತ್ತೆ ಬಂದೈತಾ?’ ಬಂದಿದೆ ಎಂದರೆ ಬೀದಿ ಕೇಳುತ್ತಾರೆ, ಮನೆ ಕೇಳುತ್ತಾರೆ, ಯಾರನ್ನಾದರೂ ಕಳಿಸಿ ನೋಡಿಸುತ್ತಾರೆ. ಬಂದಿಲ್ಲ ಎಂದರೆ ನನ್ನ ಇಸ್ತ್ರಿ ಅಂಗಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. ಬಟ್ಟೆ ಅಂಗಡಿಯ ಯಜಮಾನ ಮುಖಕ್ಕೆ ಹೊಡೆದ ಹಾಗೆ ಹೇಳಿದ: ‘ಇರೋ ಕೆಲಸದಾಗೆ ಇದ್ಕಂಡು ಇನ್ನೊಂದಕ್ಕೆ ಕೈ ಚಾಚ್ತೀರಲ್ಲ, ನಾಚಿಕೆ ಆಗಲ್ವಾ? ಕತ್ತೆ ಇರೋರ ಅನ್ನ ಯಾಕೆ ಕಿತ್ಕಂತೀರಿ?’ ನಾನು ಕ್ಷಮಿಸಿ ಎಂದು ಕೈಮುಗಿದು ಬಂದೆ. ಕೆಲಸ ಇಲ್ಲದವನು ಎಂದು ಒಪ್ಪಿಕೊಳ್ಳದೆ ಕೆಲಸ ಸಿಗುವಂತಿರಲಿಲ್ಲ, ಆ ಒಪ್ಪಿಗೆಯನ್ನು ಪಕ್ಕದ ಮನೆಯ ಗೇಟಿಗೆ ಕಟ್ಟಿ ಬಂದಿದ್ದೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಡಬ್ಬಿ ತೆರೆಯುತ್ತಿದ್ದೆ. ಜಲಜಾಕ್ಷಿ ಮಾಡಿಕೊಟ್ಟ ಚಿತ್ರಾನ್ನವನ್ನು ರಸ್ತೆಗೆ ಬೆನ್ನು ಮಾಡಿ ತಿನ್ನುತ್ತಿದ್ದೆ. ಒಂದನೇ ತಾರೀಕು ಯಜಮಾನರು ಕೊಟ್ಟ ಕವರಿನಿಂದಲೇ ಸಂಬಳದಷ್ಟು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟಳು. ಮುಂದಿನ ಒಂದನೇ ತಾರೀಕಿಗೆ ಏನು ಕೊಡುವುದು ಎಂಬುದು ನನಗೆ ಗೊತ್ತಿರಲಿಲ್ಲ.

ಇತ್ತ ಓಬಳಮ್ಮನ ಗೇಟಿಗೆ ಆಳು ಹುಡುಕುವವರು ಬರತೊಡಗಿದ್ದರು. ಬೆಳಗಿನ ಹೊತ್ತು ಅವಳು ಮನೆಯಲ್ಲಿರುತ್ತಿರಲಿಲ್ಲವಾಗಿ ನಾಲ್ಕಾರು ಜನ ಬಾಗಿಲು ತಟ್ಟಿ ವಾಪಸು ಹೋದರು. ಡಬ್ಬಿ ಹಿಡಿದು ಹೊರಡುವ ಮುಂಚೆ ಕಿಟಕಿಯಿಂದ ನೋಡುತ್ತಾ ಇದ್ದೆ. ಬಂದವರು ನನಗಾಗಿ ಬಂದವರು ಎಂದು ನನಗೊಬ್ಬನಿಗೇ ಗೊತ್ತು.

ಎರಡನೇ ವಾರದ ಭಾನುವಾರ ಎಲ್ಲರೂ ಮನೆಯಲ್ಲಿದ್ದೆವು. ಓಬಳಮ್ಮನಿಗೆ ಭಾನುವಾರ ಬೆಳಿಗ್ಗೆ ರಜೆ. ಜಲಜಾಕ್ಷಿ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ನಾನು ಪಕ್ಕದಲ್ಲಿ ಪೇಪರು ಹಿಡಿದಿದ್ದೆ. ಮದುವೆ ಛತ್ರದ ಮೇನೇಜರು ಸಿಂಗ್ರಯ್ಯ ಸೈಕಲ್ ತಳ್ಳಿಕೊಂಡು ಬಂದು ಓಬಳಮ್ಮನ ಗೇಟಿನ ಮುಂದೆ ನಿಂತರು. ಛತ್ರದ ಉಗ್ರಾಣಕ್ಕೆ ಒಬ್ಬರು ಬೇಕು, ಕೊಳದಪ್ಪಲೆ, ಹಂಡೆ, ಸೌಟು, ಜಮಖಾನ ಎಲ್ಲ ಎಣಿಸಿ ಕೊಟ್ಟು, ಎಣಿಸಿ ವಾಪಸು ಇಡಬೇಕು, ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ, ನಂಬಿಕಸ್ತರು ಬೇಕು ಎಂದರು.

ಓಬಳಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ‘ನನಗೆ ಹಾಸ್ಟೆಲ್ ಕೆಲಸ ಐತೆ ಸ್ವಾಮಿ, ಕತ್ತೆ ಯಾಕೆ ನಿಂತೈತೋ ಏನೋ’ ಎಂದಳು. ಆಮೇಲೆ ನಮ್ಮ ಜಗಲಿಯ ಕಡೆ ಕೈ ತೋರಿಸಿ, ‘ಪಕ್ಕದಾಗೆ ವರದಣ್ಣ ಅವ್ರೆ ನೋಡಿ. ಇಪ್ಪತ್ತು ವರ್ಷ ಸಾಮಾನು ನೋಡಿ ನೋಡಿ ಎಣಿಸಿಟ್ಟೋರು. ಅವ್ರನ್ನೊಂದು ಮಾತು ಕೇಳ್ರಿ’ ಎಂದಳು.

ಕೆಲಸ ಹನ್ನೆರಡು ಹೆಜ್ಜೆ ದೂರದಲ್ಲಿ ಸೈಕಲ್ ಹಿಡಿದು ನಿಂತಿತ್ತು. ಎದ್ದು ಹೋಗಿ ‘ಆಗಲಿ ಸ್ವಾಮಿ’ ಎಂದಿದ್ದರೆ ಆವತ್ತಿಗೇ ಎಲ್ಲ ಮುಗಿಯುತ್ತಿತ್ತು. ಆದರೆ ಜಲಜಾಕ್ಷಿ ಮೊರದಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ಇವರನ್ನೇಕೆ ಕೇಳುತ್ತಾರೆ ಎಂಬ ಆಶ್ಚರ್ಯ ಅವಳ ಮುಖದಲ್ಲಿತ್ತು. ಹಳೆಯ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

‘ನನಗ್ಯಾಕ್ರಿ ಸಿಂಗ್ರಯ್ಯನೋರೆ, ಕೊಡೆ ಕಾರ್ಖಾನೆ ಬಿದ್ದೋಯ್ತಾ?’ ಎಂದು ಜೋರಾಗಿ ನಕ್ಕೆ. ‘ನೋಡಿ, ಮನೆ ಮುಂದೆ ಕತ್ತೆ ಕಟ್ಕಂಡು, ನನಗೆ ಕೆಲಸ ಐತೆ ಅಂತಾಳೆ ನಮ್ಮ ಓಬಳಮ್ಮ! ಕತ್ತೆ ಸುಳ್ಳು ಹೇಳ್ತದಾ? ಮೊದ್ಲು ಹಾಸ್ಟೆಲ್ನೋರನ್ನ ಕೇಳಿ ನೋಡ್ರಿ, ಇವಳು ಇನ್ನೂ ಯಾರ ಅಡುಗೆಮನೇಲಿ ಒಗ್ಗರಣೆ ಹಾಕ್ತಾವಳೆ ಅಂತ.’

ಸಿಂಗ್ರಯ್ಯ ನಕ್ಕರು. ಎದುರು ಮನೆಯವರೂ ನಕ್ಕರು. ಓಬಳಮ್ಮ ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಬಾಯಿ ಸುಟ್ಟುಕೊಂಡವರನ್ನು ನೋಡುವ ಹಾಗೆ ನನ್ನನ್ನು ನೋಡಿ ಒಳಗೆ ಹೋದಳು. ಜಲಜಾಕ್ಷಿ ಮಾತ್ರ, ‘ಪಾಪದ ಹೆಂಗಸು. ಹಾಗನ್ನಬಾರದಿತ್ತು ನೀವು’ ಎಂದು ಮತ್ತೆ ಅಕ್ಕಿಯ ಕಡೆ ಬಗ್ಗಿದಳು.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಹಾಸ್ಟೆಲ್ ಕಮಿಟಿಯವರು ಸಭೆ ಸೇರುವುದು ಸಿಂಗ್ರಯ್ಯನ ಛತ್ರದಲ್ಲೇ. ಮಂಗಳವಾರದ ಸಭೆಯಲ್ಲಿ ಸಿಂಗ್ರಯ್ಯ ಕಾಫಿ ಕೊಡುತ್ತಾ ಈ ತಮಾಷೆ ಹೇಳಿದರಂತೆ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ನಮ್ಮೂರಿನ ಕಚೇರಿಗಳಲ್ಲಿ ಆದೇಶದ ಕಾಗದ ಕೈಸೇರುವ ಮೊದಲೇ ಕತ್ತೆ ಬಂದು ನಿಂತಿರುವುದು ಹೊಸದಲ್ಲ. ಎಷ್ಟೋ ಜನಕ್ಕೆ ಕತ್ತೆ ಬಂದು ಎಂಟು ದಿನದ ಮೇಲೆ ಕಾಗದ ಬಂದದ್ದುಂಟು. ಆದ್ದರಿಂದ ವಾರ್ಡನ್ ಸದಾಶಿವಯ್ಯ, ಯಾರೋ ಮೇಲಿನವರು ತೆಗೆದಿರಬೇಕು, ಕಾಗದ ಎಲ್ಲೋ ಕಡತದಲ್ಲಿ ಸಿಕ್ಕಿಕೊಂಡಿರಬೇಕು ಎಂದುಕೊಂಡ. ಅದು ಬರುವ ತನಕ ಅವಳನ್ನು ಇಟ್ಟುಕೊಂಡರೆ ತನ್ನ ತಲೆಗೆ ಬರುತ್ತದೆ ಎಂದು ಹೆದರಿದ. ಬುಧವಾರ ಸಂಜೆ ಅವಳನ್ನು ಕರೆದು, ನಾಳೆಯಿಂದ ಬರಬೇಡಮ್ಮ ಎಂದುಬಿಟ್ಟ. ಯಾಕೆ ಸ್ವಾಮಿ ಎಂದರೆ, ‘ನಿನಗೇ ಗೊತ್ತಲ್ಲ, ಕತ್ತೆ ಬಂದು ಎರಡು ವಾರ ಆಯ್ತಂತೆ’ ಎಂದನಂತೆ.

ಗುರುವಾರ ಬೆಳಿಗ್ಗೆ ಚೆಂಬು ಹಿಡಿದು ಹೊರಗೆ ಬಂದರೆ ಓಬಳಮ್ಮನ ಗೇಟಿನ ಮುಂದೆ ಎರಡು ಕತ್ತೆಗಳಿದ್ದವು. ಒಂದು ಕೊಡೆ ಬಟ್ಟೆಯಲ್ಲಿ ಕಟ್ಟಿದ್ದು. ಇನ್ನೊಂದು ಕಂದು ಬಣ್ಣದ್ದು, ಕಟ್ಟಿಲ್ಲದ್ದು, ಗೇಟಿಗೆ ಮೂತಿ ತಾಗಿಸಿಕೊಂಡು ನಿಂತಿತ್ತು. ಓಬಳಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಆ ಹೊತ್ತಿಗೆ ಅವಳನ್ನು ನಾನು ಮನೆಯಲ್ಲಿ ನೋಡಿದ್ದೇ ಇಲ್ಲ.

ಏಳರ ಹೊತ್ತಿಗೆ ಬೀದಿಗೆ ಬೀದಿಯೇ ನೆರೆಯಿತು. ‘ಒಂದು ತಲೆಗೆ ಎರಡು ಕತ್ತೆ, ನಮ್ಮಜ್ಜನ ಕಾಲದಾಗೂ ಬಂದಿಲ್ಲ’ ಎಂದು ಹಾಲಿನ ಗಂಗಣ್ಣ ಕ್ಯಾನು ಕೆಳಗಿಟ್ಟು ನಿಂತ. ‘ಒಂದು ಬೇರೆ ಯಾರದ್ದೋ ಇರಬೇಕು. ಆ ಕಟ್ಟಿರೋದನ್ನ ಬಿಚ್ಚಿ ನೋಡ್ರಲಾ, ಅದ್ರ ಮನೆಗೆ ಅದೇ ಹೋಗ್ತದೆ.’

ಜಲಜಾಕ್ಷಿ ನನ್ನ ಪಕ್ಕದಲ್ಲೇ ಇದ್ದಳು. ಒಬ್ಬ ಕೊಡೆ ಬಟ್ಟೆಗೆ ಕೈ ಹಾಕಿಯೂ ಹಾಕಿದ.

‘ಬಿಚ್ಚಬ್ಯಾಡಪ್ಪ’ ಎಂದಳು ಓಬಳಮ್ಮ, ಕೂತಲ್ಲಿಂದಲೇ. ‘ಎರಡೂ ನಮ್ಮನೇವೇ. ಒಂದು ನಂದು. ಇನ್ನೊಂದು ನಮ್ಮ ಯಜಮಾನ್ರದ್ದು. ಬದುಕಿದ್ದಾಗ ಎಷ್ಟು ಕಡೆ ಕೆಲಸ ಬಿಟ್ರೋ ಲೆಕ್ಕ ಇಲ್ಲ. ಆಗ ಬರಬೇಕಾದ್ದು ಈಗ ದಾರಿ ಹುಡುಕ್ಕಂಡು ಬಂದೈತೆ.’

ಜನ ಗೊಳ್ಳೆಂದು ನಕ್ಕರು. ಜಲಜಾಕ್ಷಿಯೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಓಬಳಮ್ಮ ಎಲ್ಲರ ಕಡೆಯೂ ನೋಡಿದಳು, ನನ್ನ ಕಡೆ ಮಾತ್ರ ನೋಡಲಿಲ್ಲ. ಆಗ ನನಗೆ ತಿಳಿಯಿತು: ಇವಳಿಗೆ ಮೊದಲ ದಿನದಿಂದ ಗೊತ್ತು. ಬಸಳೆಯ ಎಲೆ ನೋಡಿದಾಗಲೇ ಗೊತ್ತು. ಛತ್ರದ ಕೆಲಸವನ್ನು ನನ್ನ ಬಾಗಿಲಿಗೆ ತಿರುಗಿಸಿದ್ದೂ ಗೊತ್ತಿದ್ದೇ. ಈಗಲೂ, ನನ್ನ ಬಾಯಿಂದಲೇ ಅವಳ ಅನ್ನ ಹೋದ ಮೇಲೂ, ನಾನು ಒಳಗೆ ಹೋಗಿಬಿಡಲಿ ಎಂದು ದಾರಿ ಬಿಟ್ಟಿದ್ದಾಳೆ.

ಮತ್ತು ನಾನು ಒಳಗೆ ಹೋದೆ. ಇದನ್ನು ಮುಚ್ಚಿಟ್ಟು ಕಥೆ ಹೇಳಬಹುದಿತ್ತು, ಅಲ್ಲೇ ಧೈರ್ಯ ಬಂತು ಎನ್ನಬಹುದಿತ್ತು. ಬರಲಿಲ್ಲ. ಒಳಗೆ ಹೋಗಿ ಮುಖ ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಜಲಜಾಕ್ಷಿ ಕಟ್ಟಿಕೊಟ್ಟ ಡಬ್ಬಿ ಹಿಡಿದು ‘ಬರ್ತೀನಿ ಕಣೆ’ ಎಂದು ಹೊರಟೆ. ಹೊರಗೆ ಇನ್ನೂ ಹತ್ತು ಹನ್ನೆರಡು ಜನ ಇದ್ದರು. ಓಬಳಮ್ಮ ಎರಡು ಬೋಗುಣಿಗಳನ್ನಿಟ್ಟು ಅಕ್ಕಿ ತೊಳೆದ ನೀರು ಹಂಚುತ್ತಿದ್ದಳು. ಹಾಸ್ಟೆಲ್ಲಿನಲ್ಲಿ ನೂರು ಮಕ್ಕಳಿಗೆ ಬಡಿಸುವ ಕೈ ಅದು. ಒಂದು ಹಿಡಿ ಅಕ್ಕಿ ತೊಳೆದ ನೀರು ಎರಡು ಬೋಗುಣಿಗೆ ಸಾಲುತ್ತಿರಲಿಲ್ಲ. ಒಂದಕ್ಕೆ ಸ್ವಲ್ಪ ಹುಯ್ದು, ಇನ್ನೊಂದಕ್ಕೆ ಸ್ವಲ್ಪ ಹುಯ್ದು, ಹೆಚ್ಚು ಕಡಿಮೆ ಆಯಿತೇನೋ ಎಂದು ಬಗ್ಗಿ ನೋಡಿ, ತನ್ನದರಿಂದ ಒಂದಿಷ್ಟು ಎತ್ತಿ ನನ್ನದಕ್ಕೆ ಹಾಕಿದಳು.

ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಡಬ್ಬಿಯನ್ನು ನೆಲದ ಮೇಲಿಟ್ಟು ಕೊಡೆ ಬಟ್ಟೆಯ ಗಂಟಿಗೆ ಕೈ ಹಾಕಿದೆ. ಎರಡು ವಾರದಲ್ಲಿ ಬಿಗಿದುಹೋಗಿತ್ತು, ಉಗುರು ಹಾಕಿದರೂ ಸಡಿಲವಾಗಲಿಲ್ಲ. ಎಲ್ಲರೂ ನೋಡುತ್ತಿರುವಾಗ ಬಗ್ಗಿ ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಬಿಚ್ಚಿದ ಮೇಲೆ ನಾನು ಏನೂ ಹೇಳುವ ಅಗತ್ಯ ಬೀಳಲಿಲ್ಲ. ಕತ್ತೆ ಮೈ ಕೊಡವಿ, ಹನ್ನೆರಡು ಹೆಜ್ಜೆ ನಡೆದು, ನಮ್ಮ ಗೇಟಿಗೆ ಮೂತಿ ತಾಗಿಸಿ ನಿಂತಿತು. ಗೇಟಿನ ಆ ಕಡೆ ಜಲಜಾಕ್ಷಿ ನಿಂತಿದ್ದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಹಾಲಿನ ಗಂಗಣ್ಣ ಕ್ಯಾನು ಎತ್ತಿಕೊಂಡು, ಕೆಳಗೆ ನೋಡುತ್ತಾ ಹೋದ. ಅವನ ಹಿಂದೆ ಒಬ್ಬೊಬ್ಬರೇ ಹೋದರು.

‘ಓಬಳಮ್ಮ’ ಎಂದೆ.

‘ಹೇಳೋಕೆ ನಿಮಗೆ ಒಂದು ವಾರ ಬೇಕಾಗ್ತದೆ ಅಂದ್ಕಂಡಿದ್ದೆ ವರದಣ್ಣ’ ಎಂದಳು. ‘ಒಂದು ವಾರ ಇಟ್ಕಂಡ್ರೆ ನನ್ನ ಗಂಟೇನು ಹೋಗ್ತದೆ ಅಂತಿದ್ದೆ.’ ಬೋಗುಣಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜಲಜಾಕ್ಷಿ ಗೇಟಿನಿಂದ ಹಿಂದಕ್ಕೆ ತಿರುಗಿದಳು. ಒಳಗಿನಿಂದ ಅಕ್ಕಿ ತೊಳೆದ ನೀರು ತಂದು ಕತ್ತೆಯ ಮುಂದಿಟ್ಟಳು. ನಾನು ನೆಲದ ಮೇಲಿಟ್ಟಿದ್ದ ಡಬ್ಬಿಯನ್ನು ಎತ್ತಿಕೊಂಡು, ನನ್ನನ್ನು ಸುತ್ತಿಕೊಂಡು ಹೋಗಿ ಓಬಳಮ್ಮನ ಬಾಗಿಲು ತಟ್ಟಿದಳು. ಎರಡು ವಾರ ಬಸ್ ಸ್ಟ್ಯಾಂಡಿನಲ್ಲಿ ನಾನು ತಿಂದ ಚಿತ್ರಾನ್ನದ ಡಬ್ಬಿ ಅದು.

ನಾನು ನೇರವಾಗಿ ಹಾಸ್ಟೆಲ್ಲಿಗೆ ಹೋದೆ. ಸದಾಶಿವಯ್ಯನ ಮುಂದೆ ಕೈಕಟ್ಟಿ ನಿಂತು, ಆ ಕತ್ತೆ ನನ್ನದು ಸ್ವಾಮಿ, ನಾನೇ ಕಟ್ಟಿದ್ದು, ಅವಳ ಕೆಲಸ ಅವಳಿಗೆ ಕೊಡಿ ಎಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ‘ಅಲ್ರೀ, ಈಗ ಅವಳದ್ದೇ ಕತ್ತೆ ಬಂದೈತಂತಲ್ಲ’ ಎಂದ. ‘ಬಂದಿದ್ದು ನೀವು ತೆಗೆದಿದ್ದಕ್ಕೆ ಸ್ವಾಮಿ’ ಎಂದೆ. ‘ಅದೇ ನಾನೂ ಹೇಳ್ತಿರೋದು. ತೆಗೆದಾಗಿದೆ. ಹೊಸಬರು ಬಂದು ಬೆಳಗ್ಗೆ ಉಪ್ಪಿಟ್ಟೂ ಮಾಡಿದ್ರು. ಅವರ ಮನೆ ಮುಂದೆ ಎಂಟು ತಿಂಗಳು ನಿಂತಿತ್ತು ಕತ್ತೆ, ಮತ್ತೆ ಕರೆಸ್ಲಾ?’ ನಾನು ಅವನ ಮೇಜಿನ ಅಂಚು ಹಿಡಿದು ನಿಂತೇ ಇದ್ದೆ. ಸುಳ್ಳನ್ನು ವಾಪಸು ತೆಗೆದುಕೊಳ್ಳಬಹುದು, ಅದು ಮಾಡಿಬಂದ ಕೆಲಸವನ್ನು ಹೇಗೆ ತೆಗೆದುಕೊಳ್ಳುವುದು?

ಶನಿವಾರ ಸಿಂಗ್ರಯ್ಯ ಸೈಕಲ್ ತಳ್ಳಿಕೊಂಡು ಮತ್ತೆ ಬಂದರು. ಉಗ್ರಾಣಕ್ಕೆ ಇನ್ನೂ ಯಾರೂ ಸಿಕ್ಕಿರಲಿಲ್ಲ. ಈ ಸಲ ಅವರು ನಿಂತದ್ದು ನನ್ನ ಗೇಟಿನ ಮುಂದೆ. ನಾನು ಭಾನುವಾರ ಆಡಿದ ಮಾತನ್ನು ಎತ್ತಲಿಲ್ಲ, ದೊಡ್ಡ ಮನುಷ್ಯರು. ‘ಏನಂತೀರಿ ವರದಪ್ಪನೋರೆ, ಸೋಮವಾರದಿಂದ ಬರ್ತೀರಾ?’ ಎಂದರು. ಜಲಜಾಕ್ಷಿ ಬಾಗಿಲ ಹಿಂದೆ ನಿಂತಿದ್ದು ನನಗೆ ಗೊತ್ತಿತ್ತು. ದೇವರ ಗೂಡಿನಲ್ಲಿ ಉಳಿದದ್ದೆಷ್ಟು ಎಂಬುದೂ ಗೊತ್ತಿತ್ತು. ಬಯಸಲಿಲ್ಲ ಎಂದರೆ ಸುಳ್ಳಾಗುತ್ತದೆ, ಆ ಬೀಗದ ಕೈಗೊಂಚಲು ನನ್ನ ಸೊಂಟದಲ್ಲಿ ಹೇಗಿರುತ್ತದೆ ಎಂದು ಒಂದು ಗಳಿಗೆ ಕಂಡೇಬಿಟ್ಟಿತು.

‘ಪಕ್ಕದ ಮನೇಲಿ ಕೇಳಿ ಸ್ವಾಮಿ’ ಎಂದೆ. ‘ಪಾತ್ರೆ ಪಗಡದ ವಿಷಯ ಅವಳಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ.’

ಮಂಗಳವಾರ ಬೆಳಿಗ್ಗೆ ಕಂದು ಕತ್ತೆ ಇರಲಿಲ್ಲ. ಬೂದಿ ಕತ್ತೆ ಇತ್ತು.

ಮುಂದಿನ ಭಾನುವಾರ ತಿಪ್ಪೇಶ ಬಂದ. ಎರಡು ವರ್ಷದ ಮೇಲೆ. ಅಕ್ಕ ಹೇಳಿಕಳಿಸಿದ್ದಳೋ, ಸುದ್ದಿ ಕೇಳಿಯೇ ಬಂದನೋ, ನಾನು ಕೇಳಲಿಲ್ಲ. ಒಂದು ಮಾತು ಅವನು ತಿರುಗಿ ಅಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಜಗಲಿಯ ಮೇಲೆ ಕೂತು, ಬರೀ ನೀರು ಕೊಟ್ಟರೆ ಇದಕ್ಕೆ ಹೊಟ್ಟೆ ಉಬ್ಬರಿಸುತ್ತದೆ ಭಾವ, ಸ್ವಲ್ಪ ಹುರುಳಿ ಹೊಟ್ಟು ಬೆರೆಸಿ ಎಂದು ಹೇಳಿಕೊಟ್ಟ. ಇದರ ಮೇಲೆ ಮರಳು ಹೊರಿಸಿ ದುಡಿಯೋಣ ಎಂದು ಹೋಗಬೇಡಿ, ತಾನು ಮಾಡಿ ನೋಡಿದ್ದೇನೆ, ಮುಂಗಡ ಕೂಲಿ ಕೈಗೆ ಬಿದ್ದ ತಕ್ಷಣ ಕೆಲಸ ಸಿಕ್ಕಿತು ಎಂದು ನಡುದಾರಿಯಲ್ಲೇ ಮಾಯವಾಗುತ್ತದೆ, ಮರಳೆಲ್ಲ ರಸ್ತೆಯ ಮೇಲೆ, ಮಾರನೇ ದಿನ ಮತ್ತೆ ಗೇಟಿನ ಮುಂದೆ ಎಂದ. ಊಟಕ್ಕೆ ಎಲೆ ಹಾಕಿದಾಗ ನಾನು ಅವನ ಮುಖ ನೋಡಲಾರದೆ ನೀರಿನ ಚೆಂಬು ತರುವ ನೆಪದಲ್ಲಿ ಎದ್ದುಹೋದೆ. ಹೋಗುವಾಗ ಅವನು ಕಾರ್ಖಾನೆಯ ಯಜಮಾನರು ಕೊಟ್ಟಿದ್ದ ಕೊಡೆಯನ್ನು ಬಿಚ್ಚಿ ನೋಡಿ, ಇದರ ತೂತು ನೀವೇ ಹೊಲಿದಿರಾ ಎಂದು ಕೇಳಿದ. ಹೌದೆಂದೆ. ಎರಡು ದಿನದ ಮೇಲೆ ಅವರ ಬೀದಿಯಿಂದ ಏಳು ಮುರುಕು ಕೊಡೆಗಳನ್ನು ಕಳಿಸಿಕೊಟ್ಟ.

ಈಗ ಗೇಟಿನ ಪಕ್ಕದಲ್ಲಿ ಗೋಣಿ ಹಾಸಿಕೊಂಡು ಕೊಡೆ ರಿಪೇರಿ ಮಾಡುತ್ತೇನೆ. ಕತ್ತೆ ಇರುವ ಮನೆ ಎಂದು ಜನ ಸಣ್ಣ ಪುಟ್ಟ ತೂತಿಗೂ ತಂದುಕೊಡುತ್ತಾರೆ. ದಿನಕ್ಕೆ ನಾಲ್ಕೋ ಐದೋ. ಇದನ್ನು ಕೆಲಸ ಎಂದು ಕತ್ತೆ ಇನ್ನೂ ಒಪ್ಪಿಲ್ಲ. ಜಲಜಾಕ್ಷಿ ಒಪ್ಪಿದ್ದಾಳೆ, ಕಪ್ಪು ದಾರ ಪೋಣಿಸಿ ಕೊಡುತ್ತಾಳೆ. ನನ್ನೊಂದಿಗೆ ಮಾತು ಇನ್ನೂ ಅಷ್ಟಕ್ಕಷ್ಟೆ.

ಒಂದು ವಿಷಯ ಮಾತ್ರ ನಮ್ಮೂರಿನಲ್ಲಿ ಹಿಂದೆ ಎಂದೂ ಆಗಿರಲಿಲ್ಲವಂತೆ. ಎರಡು ವಾರ ಓಬಳಮ್ಮನ ಕೈಯಲ್ಲಿ ತಿಂದದ್ದಕ್ಕೋ ಏನೋ, ನನ್ನ ಕತ್ತೆ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಎದ್ದು ಹೋಗಿ ಅವಳ ಗೇಟಿನ ಮುಂದೆ ನಿಂತುಬಿಡುತ್ತದೆ. ಅವಳು ಸೊಂಟಕ್ಕೆ ಉಗ್ರಾಣದ ಬೀಗದ ಕೈ ಸಿಕ್ಕಿಸಿಕೊಂಡು ಹೊರಡುವ ಹೊತ್ತು ಅದು. ಆಳು ಹುಡುಕುವವರು ಸೈಕಲ್ ತಳ್ಳಿಕೊಂಡು ಬರುವ ಹೊತ್ತು, ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಸೂಜಿ ಕೆಳಗಿಟ್ಟು ಎದ್ದು ಹೋಗುತ್ತೇನೆ. ಕೊರಳಿಗೆ ಏನನ್ನೂ ಕಟ್ಟುವುದಿಲ್ಲ.

‘ವರದಣ್ಣ, ಇದು ಯಾರದು?’ ಎನ್ನುತ್ತಾಳೆ ಅವಳು, ದಿನಾ.

‘ನಂದು ಕಣಮ್ಮ’ ಎನ್ನುತ್ತೇನೆ. ಮೊದಮೊದಲು ಮೆಲ್ಲಗೆ ಹೇಳಿ ನೋಡಿದೆ. ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುವ ತನಕ ಅದು ಕದಲುವುದಿಲ್ಲ.